ರೊಡಾಂಥೆ ತೀರದ ಲೈಡಾರ್: ಮರಳುದಿಬ್ಬದ ನೆತ್ತಿ ಎಲ್ಲಿ ಹೋಯಿತು?

ಅಮೆರಿಕದ ಉತ್ತರ ಕೆರೊಲಿನಾದ ಔಟರ್ ಬ್ಯಾಂಕ್ಸ್ ಎಂಬ ಮರಳುದ್ವೀಪಗಳ ಸಾಲಿನಲ್ಲಿ ಪೀ ಐಲ್ಯಾಂಡ್‌ನಿಂದ ರೊಡಾಂಥೆವರೆಗಿನ ತೀರಪಟ್ಟಿಯ ಲೈಡಾರ್ (ವಿಮಾನದಿಂದ ಲೇಸರ್ ಬಿಟ್ಟು ಎತ್ತರ ಅಳೆಯುವ ವಿಧಾನ) ಬಿಂದುಗಳು ಈಗ 1 ಮೀಟರ್ ಗ್ರಿಡ್‌ಗೆ, ಅಂದರೆ ಮೀಟರ್ ಅಗಲದ ಚೌಕಗಳ ಎತ್ತರನಕ್ಷೆಗೆ ಬಂದಿವೆ. ಡೇಟಾ ಅಮೆರಿಕದ ಸಾಗರ-ವಾತಾವರಣ ಸಂಸ್ಥೆ ನೋವಾ (NOAA) ನಡೆಸುವ ಡಿಜಿಟಲ್ ಕೋಸ್ಟ್ ತಾಣದಿಂದ, ಸಂಸ್ಕರಣೆ ಪಿಡಾಲ್ ತಂತ್ರಾಂಶದಲ್ಲಿ, ಕಣ್ಣಾಡಿಸುವುದು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ.

ಡೌನ್‌ಲೋಡ್ ಮಾಡುವಾಗಲೇ ಅಡ್ಡಳತೆಗೆ ಇಪಿಎಸ್‌ಜಿ 6347 (ಯುಟಿಎಂ 18 ಉತ್ತರ ಎಂಬ ನಿರ್ದೇಶಾಂಕ ಪದ್ಧತಿ) ಮತ್ತು ಎತ್ತರಕ್ಕೆ ಎನ್‌ಎವಿಡಿ 88 (ಅಮೆರಿಕದಲ್ಲಿ ಎತ್ತರ ಅಳೆಯುವ ಆಧಾರಮಟ್ಟ), ಎರಡೂ ಮೀಟರ್‌ನಲ್ಲಿ ಎಂದು ಆರಿಸಿಕೊಂಡರೆ ಅರ್ಧ ತಲೆನೋವು ಅಲ್ಲೇ ಮುಗಿಯಿತು. ಅಡ್ಡಳತೆ ಅಡಿಯಲ್ಲಿ, ಎತ್ತರ ಮೀಟರ್‌ನಲ್ಲಿ ಇದ್ದರೆ ಇಳಿಜಾರಿನ ಲೆಕ್ಕವೆಲ್ಲ 3.28 ಪಟ್ಟು ಕೆಡುತ್ತದೆ. ಬೀಚಿನ ಎತ್ತರ ಮೈನಸ್ ಮೂವತ್ತು ಚಿಲ್ಲರೆ ಮೀಟರ್ ಬಂದರೆ ಅದು ಎಲಿಪ್ಸಾಯ್ಡ್ ಎತ್ತರ, ಅಂದರೆ ಸಮುದ್ರಮಟ್ಟದಿಂದಲ್ಲದೆ ಭೂಮಿಯ ಗಣಿತ ಮಾದರಿಯಿಂದ ಅಳೆದದ್ದು. ನೋಡಿದ ಕೂಡಲೇ ಗೊತ್ತಾಗುತ್ತದೆ. ಕಾಟ ಕೊಡುವುದು ಜಿಯಾಯ್ಡ್ 12ಬಿ ಮತ್ತು ಜಿಯಾಯ್ಡ್ 18 (ಎಲಿಪ್ಸಾಯ್ಡ್ ಎತ್ತರವನ್ನು ಎನ್‌ಎವಿಡಿ 88ಕ್ಕೆ ತರುವ ಎರಡು ಮಾದರಿಗಳು) ಬೆರೆತ ಟೈಲ್‌ಗಳು, ಅಂದರೆ ಡೇಟಾದ ತುಂಡುಗಳು. ವ್ಯತ್ಯಾಸ ಸೆಂಟಿಮೀಟರ್‌ಗಳದ್ದು, ಹಿಲ್‌ಶೇಡ್ ಎಂಬ ನೆರಳುನಕ್ಷೆಯಲ್ಲಿ ಕಾಣುವುದೇ ಇಲ್ಲ.

ಈ ಹಂತದ ಮುಖ್ಯ ಕೆಲಸ ಕಟ್ಟಡ, ಗಿಡಗಳ ಬಿಂದುಗಳಿಂದ ನೆಲದ ಬಿಂದುಗಳನ್ನು ಬೇರ್ಪಡಿಸುವುದು. ಇದಕ್ಕೆ ಬಳಸುವ ಪಿಡಾಲ್‌ನ ಎಸ್‌ಎಂಆರ್‌ಎಫ್ ಫಿಲ್ಟರ್‌ನ ಮೂಲ ಮೌಲ್ಯಗಳು: ಸೆಲ್ 1, ಸ್ಲೋಪ್ 0.15, ವಿಂಡೋ 18, ಥ್ರೆಶೋಲ್ಡ್ 0.5, ಸ್ಕೇಲರ್ 1.25. ಸ್ಲೋಪ್ (ನೆಲವೆಂದು ಒಪ್ಪುವ ಇಳಿಜಾರಿನ ಮಿತಿ) 0.15 ಎಂದರೆ ಸುಮಾರು 8.5 ಡಿಗ್ರಿ. ಒಣ ಮರಳೋ 30 ಡಿಗ್ರಿ ದಾಟಿದರೂ ಜಾರದೆ ನಿಲ್ಲುತ್ತದೆ, ಅಂದರೆ 0.6ರ ಹತ್ತಿರ. ಹಾಗಾಗಿ ಹೆದ್ದಾರಿ 12ರ ಪಕ್ಕದ ದಿಬ್ಬದ ಕಿರಿದಾದ ನೆತ್ತಿ ಫಿಲ್ಟರ್‌ನ ಕಣ್ಣಿಗೆ ಕಟ್ಟಡವಾಗುತ್ತದೆ. ಗ್ರಿಡ್‌ನಲ್ಲಿ ದಿಬ್ಬ ಬೋಳಾಗಿ ಕೂರುತ್ತದೆ. ಚಂಡಮಾರುತದ ನೀರು ಎಲ್ಲಿ ಉಕ್ಕಿ ಒಳನುಗ್ಗೀತು ಎಂಬ ಲೆಕ್ಕಕ್ಕೆ ಬೇಕಾದದ್ದೇ ಆ ನೆತ್ತಿ.

ದಿಬ್ಬದ ಸಾಲಿಗೆ ಬೇರೆ ಪಾಲಿಗನ್ ಬರೆದು ಸ್ಲೋಪ್ 0.5 ಕೊಟ್ಟರೆ ನೆತ್ತಿ ಉಳಿಯುತ್ತದೆ. ಅದನ್ನೇ ಇಡೀ ಊರಿಗೆ ಹಚ್ಚಿದರೆ ಕಾರು, ತಗ್ಗು ಶೆಡ್ಡುಗಳೂ ನೆಲವಾಗುತ್ತವೆ, ಆದ್ದರಿಂದ ಮನೆಗಳ ಕಡೆ 0.15 ಇರಲಿ. ಇದಕ್ಕೂ ಮೊದಲು ಇಎಲ್‌ಎಂ ಫಿಲ್ಟರ್ ಓಡಿಸಿ 7ನೇ ವರ್ಗದ ತಗ್ಗು ನಾಯ್ಸ್, ಅಂದರೆ ನೆಲಕ್ಕಿಂತ ಕೆಳಗೆ ಬಿದ್ದ ಸುಳ್ಳು ಬಿಂದುಗಳನ್ನು ತೆಗೆಯಬೇಕು (ವರ್ಗ ಎಂದರೆ ಬಿಂದು ಯಾವುದರದ್ದು ಎಂದು ಹೇಳುವ ಸಂಖ್ಯೆ). ಎಸ್‌ಎಂಆರ್‌ಎಫ್ ಪ್ರತಿ ಸೆಲ್‌ನ ಅತಿ ತಗ್ಗಿನ ಬಿಂದುವನ್ನೇ ನಂಬುವುದರಿಂದ ಒಂದೇ ಸುಳ್ಳು ಬಿಂದು ಸುತ್ತಲಿನ ನಿಜವಾದ ನೆಲವನ್ನೂ ಹೊರಹಾಕಿಸುತ್ತದೆ.

ನೀರಿನ ಕಡೆ: 1064 ನ್ಯಾನೋಮೀಟರ್ ಲೇಸರ್ ನೀರಿನೊಳಗೆ ಇಳಿಯದು, ಆದರೆ ಅಲೆನೊರೆಯಿಂದ ಪುಟಿದು ಬಂದು ನೆಲದ ವೇಷ ಹಾಕುತ್ತದೆ. 9ನೇ ವರ್ಗ (ನೀರು) ಬಿಟ್ಟು, ಉಳಿದ ನೊರೆಯನ್ನು ಕೈಯಾರೆ ಮಾಸ್ಕ್ ಮಾಡಿದ್ದಾಯಿತು. ಟಿಐಎನ್ (ಬಿಂದುಗಳನ್ನು ತ್ರಿಕೋನಗಳಾಗಿ ಜೋಡಿಸುವ ವಿಧಾನ) ಬಳಸಿದರೆ ದ್ವೀಪದ ಒಳಬದಿಯ ಪಾಮ್ಲಿಕೊ ಸೌಂಡ್ ಎಂಬ ಹಿನ್ನೀರಿನ ಮೇಲೆ ಉದ್ದುದ್ದ ತ್ರಿಕೋನಗಳು ಹಾಸಿಕೊಳ್ಳುತ್ತವೆ. ಐಡಿಡಬ್ಲ್ಯೂ (ಹತ್ತಿರದ ಬಿಂದುಗಳಿಗೆ ಹೆಚ್ಚು ತೂಕ ಕೊಡುವ) ಗ್ರಿಡ್‌ನಲ್ಲಿ ವಿಂಡೋ ಸೈಜ್ 0 ಇಟ್ಟರೆ ಖಾಲಿ ಜಾಗ ಖಾಲಿಯಾಗಿಯೇ ಉಳಿಯುತ್ತದೆ. 2022ರಲ್ಲಿ ತೆರೆದ ಜಗ್ ಹ್ಯಾಂಡಲ್ ಸೇತುವೆ, ಸೇತುವೆಗಳಿಗೆಂದೇ ಇರುವ 17ನೇ ವರ್ಗದಲ್ಲಿರಬೇಕು. ನೆಲದ ವರ್ಗವಾದ 2ರಲ್ಲಿ ಕಂಡರೆ ಸೌಂಡ್‌ಗೆ ಅಣೆಕಟ್ಟು ಕಟ್ಟಿದಂತಾಗುತ್ತದೆ.

ತೀರರೇಖೆಗೆ ಸರಾಸರಿ ಉಬ್ಬರ ಮಟ್ಟವನ್ನು ವಿಡೇಟಮ್ ಎಂಬ ಮಟ್ಟ ಪರಿವರ್ತಿಸುವ ತಂತ್ರಾಂಶದಿಂದ ತೆಗೆಯಬೇಕು. ಸಾಗರದ ಬದಿ ಅದು ಎನ್‌ಎವಿಡಿ 88ಕ್ಕಿಂತ ಸುಮಾರು ಒಂದಡಿ ಮೇಲೆ. ಸೌಂಡ್ ಬದಿ ಉಬ್ಬರವಿಳಿತ ಇಲ್ಲವೆಂದೇ ಹೇಳಬೇಕು. ಎರಡಕ್ಕೂ ಒಂದೇ ಕಾಂಟೂರ್ ಎಳೆಯುವಂತಿಲ್ಲ. ಇನ್ನೊಂದು ಮಾತು: ಕ್ಯೂಎಲ್2 (ಲೈಡಾರ್ ಗುಣಮಟ್ಟದ ಒಂದು ದರ್ಜೆ) ಡೇಟಾಕ್ಕೆ ಎತ್ತರದಲ್ಲಿ 10 ಸೆಂಟಿಮೀಟರ್ ಆರ್‌ಎಂಎಸ್ ದೋಷ ಒಪ್ಪಿತ. 1:20 ಇಳಿಜಾರಿನ ಬೀಚಿನಲ್ಲಿ ಅಷ್ಟು ದೋಷ ರೇಖೆಯನ್ನು 2 ಮೀಟರ್ ಆಚೀಚೆ ಸರಿಸುತ್ತದೆ. ಅದಕ್ಕಿಂತ ಕಡಿಮೆ ಕೊರೆತವನ್ನು ಎರಡು ಹಾರಾಟಗಳ ಹೋಲಿಕೆಯಿಂದ ಸಾಧಿಸಹೊರಡುವುದು ಹಟವಷ್ಟೇ.

ಬಾಕಿ ಇರುವುದು ಸೌಂಡ್ ಬದಿಯ ಜೌಗು. ಅಲ್ಲಿನ ದಟ್ಟ ಜೊಂಡಿನೊಳಗೆ ಲೇಸರ್ ನೆಲ ಮುಟ್ಟದೆ ಎತ್ತರ ಹೆಚ್ಚಾಗಿ ಬರುತ್ತಿದೆ. ಆರ್‌ಟಿಕೆ (ಸೆಂಟಿಮೀಟರ್ ನಿಖರತೆಯ ಜಿಪಿಎಸ್) ಬಿಂದುಗಳು ಸಿಗುವವರೆಗೆ ಆ ಭಾಗ ಗ್ರಿಡ್‌ನಿಂದ ಹೊರಗೆ.