ಟ್ರೆಂಡ್‌ಲೈನ್ ನಂಬಿ ಗ್ರೌಟ್ ಪಂಪ್ ತರಿಸಿದ ಕಥೆ

ಎಕ್ಸೆಲ್‌ನಲ್ಲಿ ಟ್ರೆಂಡ್‌ಲೈನ್ ಎಳೆಯುವ ಬಟನ್‌ಗೆ ಬೀಗ ಹಾಕಬೇಕು ಅಂತ ನನಗೆ ಈಗಲೂ ಅನಿಸುತ್ತದೆ. ಹಳೆಯ ಕಟ್ಟಡಗಳ ಬಿರುಕು ಅಳೆಯುವ ನಮ್ಮಂಥವರ ಕೈಗಂತೂ ಅದು ಸಿಗಲೇಬಾರದು. ನಾಲ್ಕು ಚುಕ್ಕೆ ಕೊಟ್ಟರೆ ಸಾಕು, ಒಂದು ಗೆರೆ ಎಳೆಯುತ್ತದೆ, ಪಕ್ಕದಲ್ಲಿ ಆರ್ ಸ್ಕ್ವೇರ್ 0.97 (1ಕ್ಕೆ ಹತ್ತಿರವಾದಷ್ಟೂ ಗೆರೆ ಚುಕ್ಕೆಗಳಿಗೆ ಹೊಂದುತ್ತದೆ) ಅಂತ ಬರೆಯುತ್ತದೆ, ಅಲ್ಲಿಂದಾಚೆ ಮೀಟಿಂಗ್‌ನಲ್ಲಿ ಗೋಡೆಯ ಮಾತೇ ಬರುವುದಿಲ್ಲ, ಬರೀ ಗೆರೆಯ ಮಾತು.

ಕೆಲಸ ಇದ್ದದ್ದು ಒಂದು ಹಳೆಯ ಇಟ್ಟಿಗೆ ಕಟ್ಟಡದ್ದು. ಸುಣ್ಣದ ಗಾರೆ, ಮೂರು ಮಹಡಿ, 24 ಮೀಟರ್ ಉದ್ದದ ಮುಂಭಾಗ, ಅದರಲ್ಲಿ ಎಲ್ಲೂ ಎಕ್ಸ್‌ಪಾನ್ಷನ್ ಜಾಯಿಂಟ್ (ಗೋಡೆ ಹಿಗ್ಗಲು-ಕುಗ್ಗಲು ಬಿಡುವ ಸಂದು) ಇಲ್ಲ. ಕಟ್ಟಡ ಉಳಿಸಿಕೊಂಡು ಹೊಸ ಬಳಕೆಗೆ ತರುವ ಪ್ರಾಜೆಕ್ಟ್. ಡಾಕ್ಯುಮೆಂಟೇಷನ್ ನಮ್ಮ ಟೀಮ್‌ದು. ಲೇಸರ್ ಸ್ಕ್ಯಾನ್ ಆಯಿತು, ಆರ್ಥೋಫೋಟೋ ಆಯಿತು, ಕಂಡಿಷನ್ ಮ್ಯಾಪಿಂಗ್ ಆಯಿತು. ಒಂದು ಮೂಲೆಯ ಹತ್ತಿರ ಕಾರ್ನಿಸ್‌ನಿಂದ ಕಿಟಕಿ ತಲೆಯವರೆಗೆ ಇಳಿದ ಬಿರುಕು ಇತ್ತು. ಮೇಲೆ ಅಗಲ, ಕೆಳಗೆ ಬರುತ್ತಾ ಸಣ್ಣ. ಎರಡೂ ಬದಿಗೆ ಹಿತ್ತಾಳೆ ಸ್ಟಡ್ ಕೂರಿಸಿ, ತಿಂಗಳಿಗೊಮ್ಮೆ ಕ್ಯಾಲಿಪರ್ (ಸೂಕ್ಷ್ಮ ಅಳತೆಯ ಉಪಕರಣ) ಹಿಡಿದು ಅವುಗಳ ನಡುವಿನ ಅಂತರ ಅಳೆಯುವುದು ಅಂತ ಆಯಿತು.

ಸ್ಟಡ್ ಕೂರಿಸಿದ್ದು ಕಡು ಬೇಸಿಗೆಯ ಮಧ್ಯಾಹ್ನ. ಅದೇ ಡೇಟಮ್, ಅದೇ ಸೊನ್ನೆ. ಆಮೇಲೆ ತಿಂಗಳು ತಿಂಗಳೂ ರೀಡಿಂಗ್ ಮೇಲಕ್ಕೆ. ಚಳಿಗಾಲ ಬರುವ ಹೊತ್ತಿಗೆ 0.9 ಮಿ.ಮೀ. ತಲುಪಿತ್ತು.

ಇಷ್ಟು ಓದಿದ ಕೂಡಲೇ ಈ ಕೆಲಸ ಗೊತ್ತಿರುವವರು ನಗುತ್ತಿರಬಹುದು. ನಗಿ. ಆದರೆ ಆ ಮೂಲೆಯಲ್ಲಿ ಮಳೆನೀರಿನ ಪೈಪ್ ಒಡೆದಿತ್ತು, ಬುಡದಲ್ಲಿ ಮಣ್ಣು ಸದಾ ಒದ್ದೆ. ಅದನ್ನು ಕಂಡುಹಿಡಿದಿದ್ದೇ ನಾನು, ಫೋಟೋ ಸಮೇತ ರಿಪೋರ್ಟ್‌ಗೆ ಹಾಕಿದ್ದೆ, ಎಲ್ಲರೂ ಮೆಚ್ಚಿದ್ದರು. ಮೂಲೆ ಕುಸಿಯುತ್ತಿದೆ ಎಂಬ ಕಥೆ ನನ್ನ ತಲೆಯಲ್ಲಿ ಆಗಲೇ ಸಿದ್ಧವಾಗಿತ್ತು. ಮೂಲೆ ಕೆಳಗಿಳಿದರೆ ಬಿರುಕು ಮೇಲೆ ಅಗಲವಾಗಿರುತ್ತದೆ, ಇಲ್ಲೂ ಹಾಗೇ ಇದೆ, ರೀಡಿಂಗ್ ಏರುತ್ತಿದೆ, ಇನ್ನೇನು ಬೇಕು? ಆದರೆ ಚಳಿಗೆ ಗೋಡೆ ತಣ್ಣಗಾಗಿ ಕುಗ್ಗಿದರೂ ಬಿರುಕು ಇದೇ ಆಕಾರದಲ್ಲಿ ಬಾಯಿ ಬಿಡುತ್ತದೆ. ತಳಪಾಯ ಬುಡವನ್ನು ಹಿಡಿದುಕೊಂಡಿರುತ್ತದೆ, ಮೇಲ್ಭಾಗಕ್ಕೆ ಹಿಡಿತ ಇರುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಹೊಸಬರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಆದರೂ ಮೇಲ್‌ನಲ್ಲಿ ‘ಪ್ರೊಗ್ರೆಸಿವ್ ಮೂವ್‌ಮೆಂಟ್’, ಅಂದರೆ ನಿಲ್ಲದೆ ಮುಂದುವರಿಯುವ ಚಲನೆ, ಅಂತ ಬರೆದು ಕಳಿಸಿದೆ. ಆ ಎರಡು ಪದ ಒಮ್ಮೆ ಹೊರಗೆ ಹೋದರೆ ವಾಪಸ್ ಬರುವುದಿಲ್ಲ.

ಪ್ರಾಜೆಕ್ಟ್ ಮ್ಯಾನೇಜರ್ ಚುಕ್ಕೆಗಳಿಗೆ ಟ್ರೆಂಡ್‌ಲೈನ್ ಹಾಕಿದರು. ಅಷ್ಟಕ್ಕೇ ನಿಲ್ಲಿಸದೆ ಅದನ್ನು ಮುಂದಿನ ಹತ್ತು ವರ್ಷಕ್ಕೆ ಎಳೆದರು. ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಬಂತು. ಮೀಟಿಂಗ್‌ನಲ್ಲಿ ಅವರು ವೆನಿಸ್ ಗಂಟೆಗೋಪುರದ ಹೆಸರೆತ್ತಿದರು. 1902ರ ಜುಲೈನಲ್ಲಿ ಅಲ್ಲಿ ಬಿರುಕು ಕಾಣಿಸಿತು, ಅದರ ಮೇಲೆ ಗಾಜಿನ ಟೆಲ್‌ಟೇಲ್ (ಬಿರುಕು ಅಲುಗಿದರೆ ಒಡೆಯುವ ಪಟ್ಟಿ) ಕೂರಿಸಿದರು, ಗಾಜು ಒಡೆಯಿತು, 14ನೇ ತಾರೀಖು ಬೆಳಿಗ್ಗೆ ಗೋಪುರವೇ ಕುಸಿದು ಬಿತ್ತು. ‘ನಾಳೆ ಇಲ್ಲಿ ಹಾಗಾದರೆ ಸಹಿ ಯಾರದು?’ ಅಂದರು. ಯಾರೂ ಬಾಯಿ ಬಿಡಲಿಲ್ಲ. ಉದಾಹರಣೆ ಸುಳ್ಳಲ್ಲವಲ್ಲ. ವೆನಿಸ್‌ನಲ್ಲಿ ಎಲ್ಲ ಆಗಿದ್ದು ಕೆಲವೇ ದಿನಗಳಲ್ಲಿ, ಒಂದೇ ದಿಕ್ಕಿನಲ್ಲಿ, ನಮ್ಮದು ಅರ್ಧ ವರ್ಷದಲ್ಲಿ ಒಂದು ಮಿಲಿಮೀಟರ್‌ಗೂ ಕಡಿಮೆ ಅಂತ ಹೇಳಬಹುದಿತ್ತು. ಬ್ರಿಟನ್‌ನ ಕಟ್ಟಡ ಸಂಶೋಧನಾ ಸಂಸ್ಥೆಯ (ಬಿಆರ್‌ಇ) ಡೈಜೆಸ್ಟ್ 251ರ ಪಟ್ಟಿ ತೆಗೆದು ತೋರಿಸಬಹುದಿತ್ತು, ಅದರಲ್ಲಿ 5 ಮಿ.ಮೀ. ಒಳಗಿನ ಬಿರುಕು ಬರುವುದು ‘ಸ್ವಲ್ಪ ಹಾನಿ’ ಎಂಬ ಸಾಲಿಗೆ. ಹೇಳಲಿಲ್ಲ. ಮೇಲ್ ಬರೆದವಳೇ ಎದ್ದು ಅದು ಹಾಗಲ್ಲ ಅನ್ನುವುದು ಹೇಗೆ?

ತೀರ್ಮಾನ ಆಯಿತು. ಕೆಳಗೆ ಜನ ಓಡಾಡುವ ದಾರಿ ಬಂದ್. ಬಿರುಕಿಗೆ ಸಿಮೆಂಟ್ ಗ್ರೌಟ್ ಇಂಜೆಕ್ಷನ್, ಅಂದರೆ ತೆಳು ಸಿಮೆಂಟ್ ಮಿಶ್ರಣವನ್ನು ಪಂಪ್‌ನಿಂದ ಒಳಗೆ ತುಂಬುವುದು. ಸುಣ್ಣದ ಗ್ರೌಟ್ ಯಾಕಲ್ಲ ಅಂತ ಕೇಳಿದರೆ ಬಿಒಕ್ಯೂನಲ್ಲಿ (ಕಾಂಟ್ರಾಕ್ಟ್‌ನ ಕೆಲಸ-ಸಾಮಗ್ರಿಗಳ ಪಟ್ಟಿ) ಇರುವುದು ಸಿಮೆಂಟ್ ಐಟಂ, ಬದಲಿಸಬೇಕಾದರೆ ವೇರಿಯೇಷನ್ ಹಾಕಬೇಕು, ಅದಕ್ಕೆ ಟೈಮ್ ಇಲ್ಲ ಅಂದರು. ಅದೇ ಮೀಟಿಂಗ್‌ನಲ್ಲಿ ಗ್ರೀನ್ ರೇಟಿಂಗ್ ಕನ್ಸಲ್ಟೆಂಟ್ ಲೈಟ್ ಫಿಟ್ಟಿಂಗ್‌ಗಳಿಂದ ಎಷ್ಟು ಪಾಯಿಂಟ್ ಸಿಗುತ್ತದೆ ಅಂತ ಲೆಕ್ಕ ಒಪ್ಪಿಸಿದರು. ಗ್ರೌಟ್ ಬಗ್ಗೆ ಅವರಿಗೆ ಪ್ರಶ್ನೆಯೇ ಇರಲಿಲ್ಲ. ಜಗತ್ತಿನ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಶೇ. 7-8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ ಅಂತ ಸ್ಲೈಡ್ ಮಾಡಿ ತೋರಿಸಿದ್ದವರೂ ಅವರೇ.

ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಇಕೊಮೊಸ್ 2003ರಲ್ಲಿ ಒಪ್ಪಿದ ಸ್ಟ್ರಕ್ಚರಲ್ ತತ್ವಗಳನ್ನು ನಮ್ಮ ಮೆಥಡ್ ಸ್ಟೇಟ್‌ಮೆಂಟ್‌ನ ಮೊದಲ ಪುಟದಲ್ಲೇ ಹಾಕಿರುತ್ತೇವೆ. ಲಾಭ ಎಷ್ಟು, ಹಾನಿ ಎಷ್ಟು ಅಂತ ತಿಳಿಯದೆ ಕಟ್ಟಡಕ್ಕೆ ಕೈ ಹಾಕಬಾರದು ಅಂತ ಅದರಲ್ಲಿದೆ. ಜೊತೆಗೊಂದು ವಿನಾಯಿತಿಯೂ ಇದೆ, ಇನ್ನೇನು ಕುಸಿಯುತ್ತದೆ ಅನ್ನುವಂಥ ತುರ್ತು ಇದ್ದರೆ ತಕ್ಷಣ ಕ್ರಮ ತೆಗೆದುಕೊಳ್ಳಬಹುದು. ನಮ್ಮ ಕಡೆ ನಿಯಮ ಓದುವವರು ಕಡಿಮೆ, ವಿನಾಯಿತಿ ಎಲ್ಲರಿಗೂ ಬಾಯಿಪಾಠ.

ಗ್ರೌಟಿಂಗ್ ದಿನ ಬೆಳಿಗ್ಗೆ ಎಂಟಕ್ಕೇ ಸ್ಕ್ಯಾಫೋಲ್ಡಿಂಗ್ ಹತ್ತಿದೆವು. ಕೊನೆಯ ರೀಡಿಂಗ್ ತೆಗೆದು ಫೈಲ್‌ಗೆ ಹಾಕುವುದು, ಅಷ್ಟೇ ನನ್ನ ಕೆಲಸ. ಪ್ಯಾಕರ್‌ಗಳಿಗೆ (ಗ್ರೌಟ್ ಒಳಗೆ ಬಿಡುವ ನಳಿಗೆಗಳು) ರಂಧ್ರ ಹಿಂದಿನ ದಿನವೇ ಕೊರೆದಿದ್ದರು. ನಮ್ಮ ಟೆಕ್ನಿಷಿಯನ್ ಬಿಸಿಗೆ ಅಷ್ಟಾಗಿ ಹಿಗ್ಗದ ಇನ್‌ವಾರ್ ಲೋಹದ ಬಾರ್‌ನಲ್ಲಿ ಕ್ಯಾಲಿಪರ್ ಚೆಕ್ ಮಾಡಿ ಅಳತೆ ತೆಗೆದ, ಹಿಂದಿನ ತಿಂಗಳದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಂತು. ಬರೆದುಕೊಂಡೆವು. ಇಳಿದು ಹೋಗಬಹುದಿತ್ತು, ಆದರೆ ಪಂಪ್ ಬರುವುದು ತಡ ಆಯಿತು, ಸುಮ್ನೆ ಅಲ್ಲೇ ಕೂತಿದ್ದೆವು. ಅಷ್ಟರಲ್ಲಿ ಬಿಸಿಲು ಆ ಮುಖಕ್ಕೆ ನೇರವಾಗಿ ಬಿತ್ತು.

ಹನ್ನೊಂದರ ಹೊತ್ತಿಗೆ ಅವನು ಇನ್ನೊಮ್ಮೆ ಅಳೆದ. ಮತ್ತೆ ಅಳೆದ. ‘ಮೇಡಂ, ಇದು ಮುಚ್ಚಿಕೊಳ್ತಾ ಇದೆ’ ಅಂದ.

0.15 ಮಿ.ಮೀ. ಕಡಿಮೆ. ನಾನು ಕ್ಯಾಲಿಪರ್ ಕಿತ್ತುಕೊಂಡು ನೋಡಿದೆ, ಅದೇ ಬಂತು. ಕ್ಯಾಲಿಪರ್‌ಗೇ ಬಿಸಿಲು ತಾಗಿರಬಹುದು ಅಂತ ಅದನ್ನು ನೆರಳಲ್ಲಿಟ್ಟು, ಕಾದು, ಬಾರ್‌ಗೆ ಹೋಲಿಸಿ ಮತ್ತೆ ಅಳೆದೆ. ಅದೇ. ಕೆಳಗೆ ಪಂಪ್ ಬಂದು ನಿಂತಿತ್ತು. ಗ್ರೌಟಿಂಗ್ ಮೇಸ್ತ್ರಿ ಮೇಲಕ್ಕೆ ನೋಡಿ ‘ಮಿಕ್ಸ್ ಹಾಕಲಾ ಮೇಡಂ?’ ಅಂತ ಕೂಗಿದರು. ಮಿಕ್ಸ್ ಹಾಕಿದ ಮೇಲೆ ಅದನ್ನು ಇಟ್ಟುಕೊಂಡು ಯೋಚನೆ ಮಾಡುತ್ತಾ ಕೂರುವ ಹಾಗಿಲ್ಲ, ಗಟ್ಟಿಯಾಗುವ ಮೊದಲೇ ಒಳಗೆ ತಳ್ಳಬೇಕು. ನಾನು ‘ಐದು ನಿಮಿಷ’ ಅಂದೆ. ಕಾರಣ ಹೇಳಲಿಲ್ಲ, ಹೇಳುವುದಕ್ಕೆ ನನ್ನ ಬಳಿ ಇನ್ನೂ ಕಾರಣವೇ ಸರಿಯಾಗಿ ಇರಲಿಲ್ಲ.

ಫೋನ್‌ನಲ್ಲಿ ಆ್ಯಪ್ ತೆಗೆದು ಹಳೆಯ ರೀಡಿಂಗ್‌ಗಳ ಟೈಮ್ ನೋಡಿದೆ. ಎಲ್ಲವೂ ಸಂಜೆ ಆರರಿಂದ ಏಳರ ಒಳಗೆ. ಅಂದರೆ ಒಂದೇ ಹೊತ್ತಿನಲ್ಲಿ ತೆಗೆದದ್ದು, ಹೋಲಿಸಬಹುದು, ಸರಿಯಾಗಿದೆ ಅಲ್ವಾ? ಹಾಗಂದುಕೊಂಡು ಮ್ಯಾನೇಜರ್‌ಗೆ ಫೋನ್ ಮಾಡದೆ ಇನ್ನೇನು ಹೂಂ ಅನ್ನುವವಳಿದ್ದೆ. ಟೆಕ್ನಿಷಿಯನ್ ನನ್ನ ಫೋನ್‌ನೊಳಗೆ ಇಣುಕಿ, ‘ಅದು ಅಳೆದ ಟೈಮ್ ಅಲ್ಲ ಮೇಡಂ, ಸೈಟಲ್ಲಿ ಸಿಗ್ನಲ್ ಸಿಗಲ್ವಲ್ಲ, ಆಫೀಸ್ ವೈಫೈಗೆ ಬಂದ ಮೇಲೆ ಸಿಂಕ್ ಆದ ಟೈಮ್’ ಅಂದ. ನನಗೆ ಬೆವರು ಕಿತ್ತುಕೊಂಡು ಬಂತು. ಆ ಕಾಲಂ ನೋಡಿಕೊಂಡು ರಿಪೋರ್ಟ್‌ನಲ್ಲಿ ‘ಎಲ್ಲ ಅಳತೆ ಒಂದೇ ಹೊತ್ತಿನಲ್ಲಿ ತೆಗೆಯಲಾಗಿದೆ’ ಅಂತ ಬೇರೆ ಬರೆದಿದ್ದೆ.

ಅವನ ಬ್ಯಾಗ್‌ನಲ್ಲಿ ಒಂದು ನೋಟ್‌ಬುಕ್ ಇತ್ತು. ಆ್ಯಪ್ ಬರುವ ಮೊದಲಿನ ಅಭ್ಯಾಸ, ಅವನು ಬಿಟ್ಟಿರಲಿಲ್ಲ. ಪೆನ್ಸಿಲ್‌ನಲ್ಲಿ ಗಂಟೆ, ಥರ್ಮಾಮೀಟರ್‌ನ ಡಿಗ್ರಿ, ‘ಬಿಸಿಲು’, ‘ಮೋಡ’, ‘ರಾತ್ರಿ ಮಳೆ’. ಬೇಸಿಗೆಯ ರೀಡಿಂಗ್‌ಗಳೆಲ್ಲ ಮಧ್ಯಾಹ್ನದವು. ಚಳಿಗಾಲದವು ಬೆಳಿಗ್ಗೆ ಬೆಳಿಗ್ಗೆಯೇ ತೆಗೆದದ್ದು, ಆಗ ನಮಗೆ ಮಧ್ಯಾಹ್ನ ಬೇರೆ ಸೈಟ್ ಇತ್ತು. ಎರಡರ ನಡುವೆ ಹೆಚ್ಚೂಕಡಿಮೆ 25 ಡಿಗ್ರಿ ವ್ಯತ್ಯಾಸ. ಅಲ್ಲೇ ಹಲಗೆಯ ಮೇಲೆ ಲೆಕ್ಕ ಹಾಕಿದೆ. ಇಟ್ಟಿಗೆ ಗೋಡೆ ಒಂದು ಮೀಟರ್‌ಗೆ, ಒಂದು ಡಿಗ್ರಿಗೆ ಸುಮಾರು 0.006 ಮಿ.ಮೀ. ಹಿಗ್ಗುತ್ತದೆ. 24 ಮೀಟರ್, 25 ಡಿಗ್ರಿ, ಅಂದರೆ ಹಿಡಿದುಕೊಳ್ಳುವವರು ಯಾರೂ ಇಲ್ಲದಿದ್ದರೆ 3.6 ಮಿ.ಮೀ. ತಳಪಾಯ, ಅಡ್ಡಗೋಡೆ ಎಲ್ಲ ಹಿಡಿದುಕೊಂಡಿರುವುದರಿಂದ ಅಷ್ಟು ಆಗುವುದಿಲ್ಲ. ಆದರೆ ಅದರ ಮುಂದೆ 0.9 ಯಾವ ಲೆಕ್ಕ?

ಆಗ ಮ್ಯಾನೇಜರ್‌ಗೆ ಫೋನ್ ಮಾಡಿದೆ. ‘ಸರ್, ನಿಲ್ಲಿಸಬೇಕು’ ಅಂದೆ. ‘ನೀವೇ ಪ್ರೊಗ್ರೆಸಿವ್ ಅಂದಿದ್ದಿರಿ’ ಅಂದರು. ‘ಹೌದು ಸರ್, ಅಂದಿದ್ದೆ.’ ಅವರು ಎಷ್ಟೋ ಹೊತ್ತು ಮಾತಾಡಲಿಲ್ಲ, ಕೆಳಗೆ ಮಿಕ್ಸರ್ ಖಾಲಿ ತಿರುಗುತ್ತಿತ್ತು. ಕೊನೆಗೆ ಅವರು ಒಪ್ಪಿದ್ದು ಗೋಡೆಯ ವಿಷಯಕ್ಕಲ್ಲ. ಬಿರುಕು ಅಗಲವಾಗಿರುವ ಚಳಿಯಲ್ಲಿ ಅದರೊಳಗೆ ಸಿಮೆಂಟ್ ತುಂಬಿ ಗಟ್ಟಿ ಮಾಡಿಬಿಟ್ಟರೆ, ಬೇಸಿಗೆಯಲ್ಲಿ ಗೋಡೆ ಹಿಗ್ಗಲು ಜಾಗ ಇರುವುದಿಲ್ಲ, ಮೂಲೆಯನ್ನು ಹೊರಗೆ ತಳ್ಳುತ್ತದೆ, ಮುಂದಿನ ಚಳಿಗೆ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ ಅಂತ ವಿವರಿಸಿದೆ. ‘ಹೊಸದು ಬಂದರೆ ಅದು ನಮ್ಮ ಡಿಫೆಕ್ಟ್ ಲಯಬಿಲಿಟಿ ಪೀರಿಯಡ್‌ಗೆ ಬೀಳುತ್ತಾ?’ ಅಂದರು. ದೋಷ ಬಂದರೆ ನಾವೇ ಸರಿಮಾಡಿಕೊಡಬೇಕಾದ ಅವಧಿ ಅದು. ಬೀಳುತ್ತದೆ ಸರ್ ಅಂದೆ. ನಿಲ್ಲಿಸಿ ಅಂದರು.

ಅಂದಿನಿಂದ ಪೂರ್ತಿ ಒಂದು ವರ್ಷ ಅಳೆಯಲು ಅನುಮತಿ ಕೇಳುವುದೇ ಒಂದು ಯುದ್ಧ ಆಯಿತು. ಮಾನಿಟರಿಂಗ್ ಕಾಂಟ್ರಾಕ್ಟ್ ಇದ್ದದ್ದು ಆರು ತಿಂಗಳಿಗೆ. ಎಲ್ಲ ಕಡೆಯೂ ಹೀಗೇ. ಋತು ಒಂದು ಸುತ್ತು ಮುಗಿಯಲು ಹನ್ನೆರಡು ತಿಂಗಳು ಬೇಕು, ಎರಡು ಸುತ್ತು ಸಿಕ್ಕರೆ ಇನ್ನೂ ಒಳ್ಳೆಯದು. ಅರ್ಧ ವರ್ಷ ಅಳೆದರೆ ಒಂದೋ ಏರುವ ಗೆರೆ ಸಿಗುತ್ತದೆ, ಇಲ್ಲ ಇಳಿಯುವ ಗೆರೆ ಸಿಗುತ್ತದೆ. ಏರುವುದು ಸಿಕ್ಕರೆ ಗಾಬರಿ, ಇಳಿಯುವುದು ಸಿಕ್ಕರೆ ‘ಬಿರುಕು ತಾನೇ ವಾಸಿಯಾಗ್ತಿದೆ’. ಬಿರುಕು ಎಷ್ಟು ತೆರೆಯಿತು ಅನ್ನುವುದಕ್ಕಿಂತ, ಹೋದ ವರ್ಷ ಇದೇ ತಿಂಗಳು, ಇದೇ ತಾಪಮಾನದಲ್ಲಿ ಎಲ್ಲಿತ್ತೋ ಅಲ್ಲಿಗೆ ವಾಪಸ್ ಬಂತಾ ಅನ್ನುವುದೇ ನನಗೆ ಬೇಕಾದ ಉತ್ತರ. ಫ್ಲಾರೆನ್ಸ್ ಕೆಥೆಡ್ರಲ್‌ನ ಗುಮ್ಮಟ 1436ರಲ್ಲಿ ಮುಗಿದದ್ದು, ಅದರ ಬಿರುಕುಗಳ ಮೇಲೆ 1980ರ ದಶಕದ ಕೊನೆಯಿಂದ ಸೆನ್ಸರ್‌ಗಳು ಕೂತಿವೆ. ಋತುವಿನ ಜೊತೆ ಬಿರುಕುಗಳ ಅಗಲ ಹೆಚ್ಚುಕಡಿಮೆ ಆಗುತ್ತಲೇ ಇರುತ್ತದೆ, ಅದರ ಅಡಿಯಲ್ಲಿ ತುಂಬಾ ನಿಧಾನದ ಇನ್ನೊಂದು ಚಲನೆ ಅಡಗಿರುತ್ತದೆ. ಅದನ್ನು ಬೇರೆ ಮಾಡಿ ನೋಡಲು ವರ್ಷಗಟ್ಟಲೆ ರೀಡಿಂಗ್ ಬೇಕು. ನಮಗೆ ಕೊಡುವುದು ಆರು ತಿಂಗಳು.

ಏನೂ ಮಾಡದೆ ಕಾಯುತ್ತೇವೆ ಅಂತ ಹೇಳಿ ಬಿಲ್ ಕೇಳುವುದು ಈ ಕೆಲಸದಲ್ಲಿ ಅತಿ ಕಷ್ಟದ ಸಂಗತಿ. ರೋಮ್‌ನ ಸೇಂಟ್ ಪೀಟರ್ಸ್ ಗುಮ್ಮಟದ ಕಥೆ ನನಗೆ ಅದಕ್ಕೇ ಇಷ್ಟ. 1742ರಲ್ಲಿ ಮೂವರು ಗಣಿತಜ್ಞರು ಬಿರುಕುಗಳನ್ನು ನೋಡಿ ಲೆಕ್ಕ ಹಾಕಿ ಅಪಾಯ ಇದೆ ಅಂದರು. ಮರುವರ್ಷ ಇಟಲಿಯ ವಿಜ್ಞಾನಿ ಪೊಲೇನಿ ಬಂದರು. ಗುಮ್ಮಟದ ಭಾಗಗಳ ತೂಕಕ್ಕೆ ತಕ್ಕ ಭಾರಗಳನ್ನು ಒಂದು ಸರಪಳಿಗೆ ಕಟ್ಟಿ ಇಳಿಬಿಟ್ಟರು. ಸರಪಳಿ ಜೋತ ಆಕಾರವನ್ನು ತಲೆಕೆಳಗು ಮಾಡಿದಾಗ ಅದು ಗುಮ್ಮಟದ ದಪ್ಪದೊಳಗೇ ಕೂತಿತು. ಅಂದರೆ ಬಿರುಕು ಬಿಟ್ಟಿದ್ದರೂ ನಿಲ್ಲುತ್ತದೆ. ಇಷ್ಟೆಲ್ಲ ಆದ ಮೇಲೂ ಕಬ್ಬಿಣದ ಬಳೆಗಳನ್ನು ಹಾಕಿಯೇ ಹಾಕಿದರು. ಅಷ್ಟು ದೊಡ್ಡ ಮನುಷ್ಯನಿಗೂ ಏನೂ ಮಾಡಿಸದೆ ಮೀಟಿಂಗ್‌ನಿಂದ ಎದ್ದು ಬರಲು ಆಗಲಿಲ್ಲವಲ್ಲ ಅಂತ ನನಗೊಂದು ಸಮಾಧಾನ.

ವರ್ಷ ತುಂಬಿತು. ಬೇಸಿಗೆಯ ಮಧ್ಯಾಹ್ನದ ರೀಡಿಂಗ್ ಹಳೆಯ ಸೊನ್ನೆಯ ಹತ್ತಿರಕ್ಕೇ ಬಂತು, ಇದ್ದ ವ್ಯತ್ಯಾಸ ಕ್ಯಾಲಿಪರ್ ಹಿಡಿಯುವ ಕೈಯ ವ್ಯತ್ಯಾಸದಷ್ಟೇ. ಒಡೆದ ಪೈಪ್ ರಿಪೇರಿ ಮಾಡಿಸಿದೆವು, ಅದನ್ನು ಹೇಗಿದ್ದರೂ ಮಾಡಲೇಬೇಕಿತ್ತು. ಬಿರುಕಿನ ಬಾಯಿಗೆ ನೀರು ಇಳಿಯದ ಹಾಗೆ ಮೆದು ಸುಣ್ಣದ ಗಾರೆ ತುಂಬಿದೆವು. ಅದು ಒಂದಿಷ್ಟು ಬಿಡುತ್ತದೆ, ಕೆಲವು ವರ್ಷಕ್ಕೊಮ್ಮೆ ಮತ್ತೆ ತುಂಬಬೇಕು. ಮೇಂಟೆನೆನ್ಸ್ ಮ್ಯಾನುಯಲ್‌ನಲ್ಲಿ ಬರೆದಿದ್ದೇವೆ, ಯಾರಾದರೂ ಓದಿದರೆ ಪುಣ್ಯ. ಕೊರೆದ ಪ್ಯಾಕರ್ ರಂಧ್ರಗಳು ಮಾತ್ರ ಗೋಡೆಯಲ್ಲಿ ಉಳಿದವು, ಇಟ್ಟಿಗೆಪುಡಿ ಸೇರಿಸಿದ ಗಾರೆಯಿಂದ ಮುಚ್ಚಿದೆವು. ಗೊತ್ತಿದ್ದವರಿಗೆ ಕಾಣುತ್ತವೆ. ಮುಂದಿನವರು ಬಂದು ಇದೇನು ಅಂತ ತಲೆ ಕೆರೆದುಕೊಳ್ಳದಿರಲಿ ಅಂತ ಅವುಗಳನ್ನೂ ಡ್ರಾಯಿಂಗ್‌ನಲ್ಲಿ ಗುರುತು ಹಾಕಿದೆ. ‘ಇದನ್ನೆಲ್ಲ ಯಾಕೆ ತೋರಿಸ್ತೀರಿ’ ಅಂತ ಮ್ಯಾನೇಜರ್ ಕೇಳಿದರು. ತೆಗೆಯಲಿಲ್ಲ.

ಈಗ ನಮ್ಮ ಶೀಟ್‌ನಲ್ಲಿ ಗಂಟೆ, ಗೋಡೆಯ ಮೇಲ್ಮೈ ತಾಪಮಾನ, ಬಿಸಿಲು-ಮೋಡ ಅಂತ ಕಾಲಂ ಇದೆ. ಡೇಟಮ್ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಕೂತು ಗಂಟೆಗೊಮ್ಮೆ ಅಳೆಯುತ್ತೇವೆ. ಒಂದು ದಿನದಲ್ಲೇ ಬಿರುಕು ಎಷ್ಟು ಆಡುತ್ತದೆ ಅಂತ ಗೊತ್ತಿಲ್ಲದೆ ತಿಂಗಳ ಲೆಕ್ಕ ಹಾಕುವ ಹಾಗಿಲ್ಲ. ಇದಕ್ಕೆ ಒಬ್ಬರ ಪೂರ್ತಿ ದಿನದ ಕೂಲಿ ಯಾಕೆ ಅಂತ ಪ್ರತಿ ಸಲವೂ ಅಕೌಂಟ್ಸ್‌ನವರು ಕೇಳುತ್ತಾರೆ. ಆ್ಯಪ್ ಕಂಪನಿಯವರಿಗೆ ಸಿಂಕ್ ಟೈಮ್ ವಿಷಯ ಬರೆದೆವು. ಮುಂದಿನ ವರ್ಷನ್‌ನಲ್ಲಿ ನೋಡುತ್ತೇವೆ ಅಂದಿದ್ದರು. ಮುಂದಿನ ವರ್ಷನ್ ಬಂತು. ಅದರಲ್ಲಿ ಟ್ರೆಂಡ್‌ಲೈನ್ ತಾನಾಗಿಯೇ ಬರುತ್ತದೆ, ಆಫ್ ಮಾಡಲು ಜಾಗವೇ ಇಲ್ಲ.