ಒಂದೇ ಲೋಡ್, ಮೂರು ಚೀಟಿ: ಗೋಣಿಕೊಪ್ಪದಲ್ಲಿ ಸಮಿತಿ ಮಾಡಿಕೊಂಡ ದಿನ

ಕಳೆದ ಮಳೆಗಾಲದಲ್ಲಿ ಕೊಡಗಿನ ಗೋಣಿಕೊಪ್ಪದಲ್ಲಿ ನಾವೆಲ್ಲ ಸೇರಿ ಒಂದು ಸಮಿತಿ ಮಾಡಿಕೊಂಡೆವು. ಕಾಫಿ ಬೆಳೆಯುವವರು, ಕೊಳ್ಳುವವರು, ಕಾಫಿಯ ಸಿಪ್ಪೆ ತೆಗೆದು ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನವರು, ರಫ್ತುದಾರರು, ಇವರೆಲ್ಲರ ಕಂಪ್ಯೂಟರುಗಳಿಗೆ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಅರ್ಥವಾಗುವ ಹಾಗೆ ಒಂದು ನಮೂನೆ ಬೇಕು. ಅದನ್ನು ಕೂತು ಬರೆಯುವುದೇ ಸಮಿತಿಯ ಕೆಲಸ. ನಾನು ಬೆಂಗಳೂರಿನಲ್ಲಿದ್ದಾಗ ಕಂಪನಿಯಿಂದ ಕಂಪನಿಗೆ ಆರ್ಡರ್, ಇನ್ವಾಯ್ಸ್ ಕಳಿಸುವ ಸಿಸ್ಟಮ್‌ಗಳನ್ನೇ ನೋಡಿಕೊಳ್ಳುತ್ತಿದ್ದೆ. ಈಗ ಊರಲ್ಲೇ ಇದ್ದು ಕೆಲವು ಕಾಫಿ ವ್ಯಾಪಾರಿಗಳ ಲೆಕ್ಕದ ಸಾಫ್ಟ್‌ವೇರ್ ನೋಡುತ್ತೇನೆ. ಹಾಗಾಗಿ ಎಲ್ಲರಿಗೂ ಫೋನ್ ಮಾಡಿ ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ಮಳೆಗಾಲದಲ್ಲಿ ತೋಟದ ಕೆಲಸ ಸ್ವಲ್ಪ ಕಮ್ಮಿ ಅಲ್ವಾ, ಅದಕ್ಕೇ ಆ ಸಮಯ.

ಇದು ಈಗಲೇ ಯಾಕೆ ಬೇಕಾಯಿತು ಅಂದರೆ, ಯುರೋಪಿನ ಕಾನೂನು. 2023ರಲ್ಲಿ ಯುರೋಪಿಯನ್ ಒಕ್ಕೂಟ ಅರಣ್ಯನಾಶ ತಡೆಯುವ ಒಂದು ಕಾನೂನು ಮಾಡಿತು. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ, ಈ ಏಳು ಸರಕುಗಳು ಅದರಲ್ಲಿ ಬರುತ್ತವೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದಿದ್ದು ಅಲ್ಲಿ ಮಾರುವ ಹಾಗಿಲ್ಲ. ಬೆಳೆದ ಜಾಗದ ಅಕ್ಷಾಂಶ, ರೇಖಾಂಶ ಕೊಡಬೇಕು, ದಶಮಾಂಶದ ನಂತರ ಆರು ಅಂಕಿ ಇರಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ಜಾಗವಾದರೆ ಸುತ್ತಲಿನ ಗಡಿಯನ್ನೇ ಗುರುತಿಸಿ ಕೊಡಬೇಕು. ಜಾರಿಯಾಗುವ ದಿನ ಮುಂದೆ ಮುಂದೆ ಹೋಗುತ್ತಿದ್ದರೂ ಕೊಳ್ಳುವವರು ಕೇಳುವುದನ್ನು ಬಿಟ್ಟಿಲ್ಲ. ಜಾಗ ಗುರುತಿಸುವುದು ಕಷ್ಟವಲ್ಲ, ಫೋನ್ ಹಿಡಿದು ತೋಟ ಸುತ್ತಿದರೆ ಆಯಿತು. ಆದರೆ ಆ ಗುರುತು ಕಾಫಿಯ ಜೊತೆಗೇ ಮಂಗಳೂರಿನ ಬಂದರಿನ ತನಕ ಹೋಗಬೇಕಲ್ಲ? ನಮ್ಮಲ್ಲಿ ಕಾಫಿ ಮೂರು ಕೈ ದಾಟುವುದರೊಳಗೆ ಅದು ಯಾರ ತೋಟದ್ದು ಅನ್ನುವುದೇ ಕಳೆದುಹೋಗುತ್ತದೆ.

ಹೇಗೆ ಕಳೆದುಹೋಗುತ್ತದೆ ಅಂತ ತೋರಿಸಲು ನಾನು ಒಂದೇ ಲೋಡಿನ ಮೂರು ಚೀಟಿ ಮೇಜಿನ ಮೇಲೆ ಇಟ್ಟೆ. ಅಮ್ಮತ್ತಿ ಕಡೆಯ ಒಂದು ತೋಟದಿಂದ ಹೋದ ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. ಮೊದಲನೆಯದು ತೋಟದ ಲೆಕ್ಕ ಬರೆಯುವ ರೈಟರ್ ಕೊಟ್ಟ ಚೀಟಿ. ಅದರಲ್ಲಿ 60 ಮೂಟೆ ಅಂತಿತ್ತು, ತೂಕ ಇರಲಿಲ್ಲ. ಮೂಟೆ ಅಂದರೆ 50 ಕಿಲೋ, ಬರೆಯುವುದೇನು ಅನ್ನುವ ಲೆಕ್ಕ. ಎರಡನೆಯದು ವ್ಯಾಪಾರಿಯ ಗೋದಾಮಿನದು. ಅಲ್ಲಿ ತಕ್ಕಡಿಯ ತೂಕ ಇತ್ತು, ಮೂಟೆ ಎಷ್ಟು ಅಂತ ಇರಲಿಲ್ಲ. ಮೂರನೆಯದು ಕ್ಯೂರಿಂಗ್ ವರ್ಕ್ಸ್‌ನ ರಸೀದಿ. ಅದರಲ್ಲಿ ತೇವಾಂಶ ಕಳೆದು ಉಳಿದ ತೂಕ. ಮೂರೂ ಚೀಟಿ ಸರಿ. ಯಾರೂ ಮೋಸ ಮಾಡಿಲ್ಲ. ತೇವಾಂಶ ಶೇಕಡಾ 13ರಿಂದ 11ಕ್ಕೆ ಇಳಿದರೆ ಸಾವಿರ ಕಿಲೋಗೆ ಸುಮಾರು 22 ಕಿಲೋ ತನ್ನಿಂದ ತಾನೇ ಕಮ್ಮಿಯಾಗುತ್ತದೆ. ಆದರೆ ಮೂರನ್ನೂ ಒಂದು ಕಂಪ್ಯೂಟರಿಗೆ ಹಾಕಿದರೆ ಅದಕ್ಕೆ ಮೂರು ಬೇರೆ ಬೇರೆ ಲೋಡ್ ಕಾಣುತ್ತದೆ.

ಔಟ್‌ಟರ್ನ್ ವಿಷಯ ಬಂದಾಗ ಸಭೆಗೆ ನಿಜವಾಗಿ ಬಿಸಿ ಹತ್ತಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. 50 ಕಿಲೋ ಚೆರಿಯಿಂದ ಸಿಪ್ಪೆ ತೆಗೆದ ಮೇಲೆ ಎಷ್ಟು ಕಿಲೋ ಬೇಳೆ ಸಿಗುತ್ತದೋ ಅದೇ ಔಟ್‌ಟರ್ನ್. ಮೂಟೆಗೆ ಚೂಪು ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುತ್ತಾರೆ, ಸಣ್ಣ ಮೆಷಿನ್‌ನಲ್ಲಿ ಸಿಪ್ಪೆ ತೆಗೆದು ತೂಗುತ್ತಾರೆ. 26 ಬಂತು ಅಂದರೆ ಆ ದಿನದ ದರವನ್ನು 26ರಿಂದ ಗುಣಿಸಿ ಮೂಟೆಗೆ ದುಡ್ಡು. ಬೆಳೆಗಾರನ ಇಡೀ ವರ್ಷದ ದುಡಿಮೆ ಈ ಒಂದು ಅಂಕಿಯ ಮೇಲೆ ನಿಂತಿರುತ್ತದೆ. ವ್ಯಾಪಾರಿಯ ಚೀಟಿಯಲ್ಲಿ 26 ಅಂತಿತ್ತು. ಕ್ಯೂರಿಂಗ್‌ನ ಸಾಫ್ಟ್‌ವೇರಿನಲ್ಲಿ ಅದೇ ಲೋಡಿಗೆ 52. ಅಲ್ಲಿ ಶೇಕಡಾ ಲೆಕ್ಕ. ಎರಡೂ ಒಂದೇ, ಆದರೆ ಎರಡು ಸಿಸ್ಟಮ್‌ನಲ್ಲೂ ಆ ಕಾಲಮಿನ ಹೆಸರು ‘ಔಟ್‌ಟರ್ನ್’ ಅಷ್ಟೆ, ಯಾವ ಲೆಕ್ಕ ಅಂತ ಎಲ್ಲೂ ಬರೆದಿಲ್ಲ.

ಹಿರಿಯ ಬೆಳೆಗಾರರೊಬ್ಬರು ಆ ಚೀಟಿಗಳನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. "ಸ್ಯಾಂಪಲ್ ಯಾವಾಗ ತೆಗೆದರು, ಯಾರ ಎದುರಿಗೆ ತೆಗೆದರು, ಅದನ್ನೂ ಬರೆಯಬೇಕು" ಅಂದರು. ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ. "ಖಂಡಿತ ಬರೆಯೋಣ ಅಂಕಲ್" ಅಂದೆ. ಇಂಥ ಮಾತು ಸಾಫ್ಟ್‌ವೇರಿನವರ ತಲೆಯಿಂದ ಬರುವುದಿಲ್ಲ. ವ್ಯಾಪಾರ ಮಾಡುವವರನ್ನೇ ಕೂರಿಸಿಕೊಂಡು ನಮೂನೆ ಬರೆಯಬೇಕು ಅಂತ ನಾನು ಹಟ ಹಿಡಿದಿದ್ದು ಅದಕ್ಕೇ.

ಇದು ನನ್ನ ಸ್ವಂತ ಯೋಚನೆ ಏನಲ್ಲ. 1999ರ ನವೆಂಬರಿನಲ್ಲಿ ವ್ಯಾಪಾರದ ನಮೂನೆಗಳನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ಯುಎನ್/ಸಿಫ್ಯಾಕ್ಟ್ ಮತ್ತು ಓಯಸಿಸ್ ಅನ್ನುವ ಮಾನದಂಡಗಳ ಸಂಸ್ಥೆ ಸೇರಿ ಇಬಿಎಕ್ಸ್‌ಎಂಎಲ್ ಅನ್ನುವ ಕೆಲಸ ಶುರು ಮಾಡಿದವು. ಜಗತ್ತಿನ ಯಾವ ಕಂಪನಿಯ ಸಿಸ್ಟಮ್ ಆದರೂ ಇನ್ನೊಂದರ ಜೊತೆ ವ್ಯಾಪಾರ ಮಾಡುವಂತಾಗಬೇಕು ಅನ್ನುವುದು ಗುರಿ. 2001ರ ಮೇ ತಿಂಗಳಿಗೆ ಮೊದಲ ಹಂತ ಮುಗಿಯಿತು. ಸಂದೇಶ ಹೇಗೆ ಕಳಿಸುವುದು, ತಲುಪಿದ್ದು ಹೇಗೆ ಗೊತ್ತಾಗುವುದು, ಎಲ್ಲ ಚೆನ್ನಾಗಿ ಬರೆದರು. ಆಮೇಲೆ ಓಯಸಿಸ್‌ನಲ್ಲೇ ಇನ್ನೊಂದು ಸಮಿತಿ ಹುಟ್ಟಿಕೊಂಡಿತು, ಬಿಸಿನೆಸ್ ಸೆಂಟ್ರಿಕ್ ಮೆಥಡಾಲಜಿ ಅಂತ. ಅವರ ವಾದ ಸರಳ: ಮೊದಲು ವ್ಯಾಪಾರದವರು ತಮ್ಮೊಳಗೆ ಅರ್ಥ ಒಪ್ಪಿಕೊಳ್ಳಲಿ, ಯಾವ ತಂತ್ರಜ್ಞಾನ ಅನ್ನುವುದು ಆಮೇಲೆ. ಬೆಂಗಳೂರಿನಲ್ಲಿ ಇದನ್ನು ಓದಿದಾಗ ಸರಿ ಅನ್ನಿಸಿತ್ತು. ಗೋಣಿಕೊಪ್ಪದಲ್ಲಿ 26 ಮತ್ತು 52ರ ಜಗಳ ನೋಡಿದ ಮೇಲೆ ಇದನ್ನು ಬಿಟ್ಟು ಬೇರೆ ದಾರಿಯೇ ಇಲ್ಲ ಅನ್ನುವುದು ಖಾತ್ರಿಯಾಯಿತು.

"ಸುಮ್ನೆ ಎಲ್ಲರೂ ಒಂದೇ ಸಾಫ್ಟ್‌ವೇರ್ ತಗೊಂಡರೆ ಆಗಲ್ವಾ?" ಅಂತ ಯುವ ವ್ಯಾಪಾರಿಯೊಬ್ಬರು ಕೇಳಿದರು. ಅದಕ್ಕೆ ಅಲ್ಲೇ ಇದ್ದ ಅಕೌಂಟೆಂಟ್ ಮೇಡಂ ಒಳ್ಳೆಯ ಉತ್ತರ ಕೊಟ್ಟರು. ಜಿಎಸ್‌ಟಿ ಇ-ಇನ್ವಾಯ್ಸ್ 2020ರ ಅಕ್ಟೋಬರ್ 1ರಿಂದ ಬಂತು, ಮೊದಲು 500 ಕೋಟಿಗಿಂತ ಜಾಸ್ತಿ ವಹಿವಾಟಿನವರಿಗೆ. 2023ರ ಆಗಸ್ಟಿನಿಂದ 5 ಕೋಟಿ ದಾಟಿದವರಿಗೂ. ಸರ್ಕಾರ ಯಾರಿಗೂ ಇಂಥದ್ದೇ ಸಾಫ್ಟ್‌ವೇರ್ ಬಳಸಿ ಅನ್ನಲಿಲ್ಲ. ನಮೂನೆ ಮಾತ್ರ ಒಂದೇ ಕೊಟ್ಟಿತು, ಎಲ್ಲ ಸಾಫ್ಟ್‌ವೇರುಗಳೂ ಅದಕ್ಕೆ ಹೊಂದಿಕೊಂಡವು. ಆದರೆ ಹುರಿಯದ ಕಾಫಿ ಬೀಜಕ್ಕೆ ಜಿಎಸ್‌ಟಿ ಇಲ್ಲವಾದ್ದರಿಂದ ಆ ನಮೂನೆ ನಮ್ಮ ಬೆಳೆಗಾರನ ಬಾಗಿಲಿಗೆ ಬರುವುದಿಲ್ಲ. ನಮ್ಮದನ್ನು ನಾವೇ ಬರೆದುಕೊಳ್ಳಬೇಕು.

ಸಮಿತಿ ಅಂದ ಮೇಲೆ ಮೊದಲು ಒಂದು ಚಾರ್ಟರ್, ಅಂದರೆ ಸಮಿತಿ ಏನು ಮಾಡುತ್ತದೆ ಅನ್ನುವ ಬರಹ, ಬೇಕು. ಓಯಸಿಸ್‌ನಲ್ಲಿ ಹೊಸ ಸಮಿತಿ ಮಾಡುವವರು ಹೆಸರು, ಉದ್ದೇಶ, ವ್ಯಾಪ್ತಿ, ಏನೇನು ತಯಾರಿಸಿ ಕೊಡುತ್ತೀರಿ, ಯಾರಿಗಾಗಿ, ಯಾವ ಭಾಷೆಯಲ್ಲಿ ಕೆಲಸ, ಬರೆದಿದ್ದರ ಹಕ್ಕು ಯಾರದು, ಇಷ್ಟನ್ನೂ ಮೊದಲೇ ಬರೆದು ಕೊಡಬೇಕು. ಅದೇ ಪಟ್ಟಿಯನ್ನು ನಾವೂ ಹಿಡಿದೆವು. ಭಾಷೆ ಕನ್ನಡ ಅನ್ನುವುದು ಒಂದು ನಿಮಿಷದಲ್ಲಿ ಮುಗಿಯಿತು. ವ್ಯಾಪ್ತಿ ಊಟದ ಹೊತ್ತು ದಾಟಿದರೂ ಮುಗಿಯಲಿಲ್ಲ.

ಜಗಳ ದರದ್ದು. ನಮೂನೆಯಲ್ಲಿ ಕೊಂಡ ದರವೂ ಇರಬೇಕು ಅಂತ ಬೆಳೆಗಾರರು. ದರ ಹಾಕಿದರೆ ನಾವು ಎದ್ದು ಹೋಗುತ್ತೇವೆ ಅಂತ ವ್ಯಾಪಾರಿಗಳು. ನನ್ನ ಮನಸ್ಸು ಬೆಳೆಗಾರರ ಕಡೆಗೇ ಇತ್ತು, ಈಗಲೂ ಇದೆ. ಆದರೂ ದರ ಬೇಡ ಅಂತಲೇ ಹೇಳಿದೆ. ಕೊಳ್ಳುವವರೇ ಇಲ್ಲದ ನಮೂನೆ ಯಾವ ತೋಟಕ್ಕೂ ಉಪಯೋಗಕ್ಕೆ ಬರುವುದಿಲ್ಲ. ತೂಕ, ತೇವಾಂಶ, ಔಟ್‌ಟರ್ನ್ ಮೂರೂ ಒಂದೇ ಲೆಕ್ಕದಲ್ಲಿ ಎಲ್ಲರಿಗೂ ಕಂಡರೆ ದರ ಸರಿಯೋ ತಪ್ಪೋ ಅಂತ ಬೆಳೆಗಾರ ತಾನೇ ಲೆಕ್ಕ ಹಾಕಿಕೊಳ್ಳಬಹುದು. ಕೊನೆಗೆ ‘ದರ ಈ ಸಮಿತಿಯ ವ್ಯಾಪ್ತಿಯಲ್ಲಿ ಇಲ್ಲ’ ಅಂತ ಸ್ಪಷ್ಟವಾಗಿ ಬರೆದೆವು. ಕರಿಮೆಣಸೂ ಸದ್ಯಕ್ಕೆ ಹೊರಗೆ.

ಹಕ್ಕಿನ ವಿಷಯದಲ್ಲಿ ನಾನು ಸ್ವಲ್ಪವೂ ಬಗ್ಗಲಿಲ್ಲ. ಸಾಫ್ಟ್‌ವೇರ್ ಮಾರುವವರೊಬ್ಬರು ತಮ್ಮ ನಮೂನೆಯನ್ನೇ ಕೊಡುತ್ತೇವೆ, ಬಳಸುವವರು ವರ್ಷಕ್ಕೆ ಇಷ್ಟು ಕೊಡಲಿ ಅಂದರು. ಆಗುವುದಿಲ್ಲ ಅಂದೆ. ಬರೆದಿದ್ದು ಎಲ್ಲರದೂ, ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು. ಮೂರು ಎಕರೆ ತೋಟದವರು ತಮ್ಮದೇ ಕಾಫಿಯ ಲೆಕ್ಕ ಹೇಳಲು ಬಾಡಿಗೆ ಕಟ್ಟುವುದು ಅನ್ಯಾಯ. ಆ ಸಾಫ್ಟ್‌ವೇರಿನವರು ಒಪ್ಪಿದರು, ಸಮಿತಿಯಲ್ಲೂ ಉಳಿದರು.

ಮತದ ನಿಯಮದಲ್ಲಿ ಮಾತ್ರ ಊರಿನ ಕಾಲ ನೋಡಬೇಕಾಯಿತು. ಸತತ ಎರಡು ಸಭೆ ತಪ್ಪಿಸಿಕೊಂಡರೆ ಮತದ ಹಕ್ಕು ಹೋಗುತ್ತದೆ ಅನ್ನುವುದು ಓಯಸಿಸ್ ಪದ್ಧತಿ. ಒಳ್ಳೆಯ ನಿಯಮವೇ. ಆದರೆ ಕಾಫಿ ಕೊಯ್ಲಿನ ಹೊತ್ತಿಗೆ ಯಾವ ಬೆಳೆಗಾರ ಸಭೆಗೆ ಬರುತ್ತಾನೆ? ಅಂಥ ತಿಂಗಳಲ್ಲಿ ಮತಕ್ಕೆ ಹಾಕಿದರೆ ತೋಟದವರ ದನಿಯೇ ಇರುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿ ತನಕ ಸಭೆ ಇಲ್ಲ ಅಂತ ಸೇರಿಸಿದೆವು.

ಸಂಜೆ ಉಳಿದಿದ್ದು ‘ಮಾಲೀಕರು’ ಅನ್ನುವ ಒಂದು ಕಾಲಂ. ಕೊಡಗಿನಲ್ಲಿ ಇದು ಎಷ್ಟು ಕಷ್ಟ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಜಮ್ಮಾ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗದ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಕುಟುಂಬದ ಪರವಾಗಿ ಪಟ್ಟೆದಾರರ ಹೆಸರಿರುತ್ತದೆ. ತೋಟ ನೋಡಿಕೊಳ್ಳುವವರು ಕುಟುಂಬದ ಬೇರೆ ಬೇರೆಯವರು. ನಾನು ತಂದ ಆ ಮೂರು ಚೀಟಿಯಲ್ಲೇ ನೋಡಿ: ತೋಟದ ಚೀಟಿಯಲ್ಲಿ ಮನೆಹೆಸರು ಮಾತ್ರ, ವ್ಯಾಪಾರಿಯದರಲ್ಲಿ ಮಗನ ಹೆಸರು, ಕ್ಯೂರಿಂಗ್‌ನದರಲ್ಲಿ ಎಂದೋ ತೀರಿಕೊಂಡ ಅಜ್ಜನ ಹೆಸರು. ಯುರೋಪಿಗೆ ಬೇಕಾಗಿರುವುದು ಜಾಗದ ಗುರುತು. ವ್ಯಾಪಾರಿಗೆ ಬೇಕಾಗಿರುವುದು ದುಡ್ಡು ಯಾರ ಖಾತೆಗೆ ಹಾಕಬೇಕು ಅನ್ನುವುದು. ಇವೆರಡನ್ನೂ ಒಂದೇ ಕಾಲಮಿಗೆ ತುರುಕಿದರೆ ನಾಳೆ ಅಣ್ಣ ತಮ್ಮಂದಿರ ನಡುವೆ ಜಗಳ ಹಚ್ಚಿದ ಹಾಗೆ. ಅದಕ್ಕೆ ಮೂರು ಮಾಡಿದೆವು: ಆರ್‌ಟಿಸಿಯಲ್ಲಿರುವ ಹೆಸರು ಮತ್ತು ಸರ್ವೆ ನಂಬರ್, ಬೆಳೆ ಮಾಡುವವರ ಹೆಸರು, ಹಣ ಪಡೆಯುವವರ ಹೆಸರು. ಮೂರರಲ್ಲೂ ಒಬ್ಬರೇ ಇದ್ದರೆ ಮೂರು ಕಡೆಯೂ ಅದೇ ಬರೆಯಲಿ.

ಸಣ್ಣ ವ್ಯಾಪಾರಿಯ ಗೋದಾಮಿನಲ್ಲಿ ಹತ್ತಾರು ಮನೆಯ ಕಾಫಿ ಒಂದೇ ರಾಶಿಯಾಗುವುದಕ್ಕೆ ಮಾತ್ರ ಆ ದಿನ ಉತ್ತರ ಸಿಗಲಿಲ್ಲ. ರಾಶಿ ಬೇರೆ ಬೇರೆ ಇಡಲು ಜಾಗ ಬೇಕು, ಆಳು ಬೇಕು. ಆ ಖರ್ಚು ವ್ಯಾಪಾರಿಯ ತಲೆಗೆ ಕಟ್ಟುವುದು ಸರಿಯಲ್ಲ. ರಾಶಿಗೆ ಒಂದು ನಂಬರ್ ಕೊಟ್ಟು, ಅದರಲ್ಲಿ ಸೇರಿದ ಎಲ್ಲ ತೋಟಗಳ ಪಟ್ಟಿಯನ್ನು ಆ ನಂಬರಿನ ಜೊತೆಗೇ ಮುಂದೆ ಕಳಿಸುವುದು ಅಂತ ಸದ್ಯಕ್ಕೆ ಬರೆದುಕೊಂಡಿದ್ದೇವೆ. ಸಿದ್ದಾಪುರದ ಒಬ್ಬ ವ್ಯಾಪಾರಿ ತಮ್ಮ ಗೋದಾಮಿನಲ್ಲಿ ಈ ಕೊಯ್ಲಿಗೆ ಅದನ್ನು ಮಾಡಿ ನೋಡಲು ಒಪ್ಪಿದ್ದಾರೆ. ಕಂಪ್ಯೂಟರ್ ಇಲ್ಲದ ಬೆಳೆಗಾರರಿಗೆ ಅದೇ ಕಾಲಂಗಳಿರುವ ಚೀಟಿ ಪುಸ್ತಕ ಅಚ್ಚು ಹಾಕಿಸುವ ಕೆಲಸ ನನ್ನದು.