ಐದೂವರೆ ಗಂಟೆಯ ಏಡಿಗಳು

"ಸ್ವಲ್ಪ ಹಿಂದಕ್ಕೆ ಹೋಗಿ. ಆ ಟೆಂಪರೇಚರ್ ಇದ್ದ ಸ್ಲೈಡ್."

ಡಿಸಿ, ಅಂದರೆ ಪಿಎಚ್‌ಡಿಯ ಪ್ರಗತಿ ನೋಡುವ ಡಾಕ್ಟರಲ್ ಕಮಿಟಿಯ ಮೀಟಿಂಗಿನಲ್ಲಿ ಎಕ್ಸ್‌ಟರ್ನಲ್, ಹೊರಗಿನಿಂದ ಬಂದ ತಜ್ಞರು, ಹೀಗೆ ಕೇಳಿದಾಗ ನನಗೆ ಖುಷಿಯೇ ಆಯ್ತು. ನನ್ನ ಹಿಂದಿನ ಎರಡು ಡಿಸಿಗಳಲ್ಲಿ ಯಾರೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಸಹಿ ಹಾಕಿ, ಚಹಾ ಕುಡಿದು ಎದ್ದು ಹೋಗಿದ್ದರು. ನದಿ ಸಮುದ್ರ ಸೇರುವ ಅಳಿವೆಯ ಏಡಿಗಳ ಮೇಲೆ ನನ್ನ ಪಿಎಚ್‌ಡಿ. ಮೂರನೇ ವರ್ಷದಲ್ಲಿ ಕೊನೆಗೂ ಒಬ್ಬರು ನನ್ನ ಡೇಟಾವನ್ನು ಕಣ್ಣಿಟ್ಟು ನೋಡುತ್ತಿದ್ದಾರೆ ಅನ್ನಿಸಿತು. ಸ್ಲೈಡ್ ಹಿಂದಕ್ಕೆ ತಂದೆ. ನೀರಿನಲ್ಲಿ ಇಳಿಬಿಟ್ಟ ಲಾಗರ್, ಅಂದರೆ ತಾನಾಗಿ ಅಳತೆ ಬರೆದಿಡುವ ಉಪಕರಣ, ಐದು ದಿನ ದಾಖಲಿಸಿದ ನೀರಿನ ಬಿಸಿ.

"ನಿಮ್ಮ ನೀರು ದಿನಾ ಬೆಳಗ್ಗೆ ಒಂಬತ್ತೂವರೆಗೆ ಅತಿ ಬಿಸಿ ಇದೆಯಲ್ಲ, ಯಾಕೆ?"

ಉತ್ತರ ಬಾಯಲ್ಲೇ ಇತ್ತು. ಆ ಗ್ರಾಫ್ ಮಾಡಿದ ದಿನ ನನಗೂ ಇದು ವಿಚಿತ್ರ ಅನ್ನಿಸಿ, ಹತ್ತು ನಿಮಿಷ ಯೋಚಿಸಿ, ಒಂದು ಕಾರಣ ಹೊಸೆದು ಇಟ್ಟುಕೊಂಡಿದ್ದೆ. "ಬಿಸಿಲಿಗೆ ಕಾದ ಕೆಸರು ಬಯಲಿನ ಮೇಲಿನ ನೀರು ಇಳಿತಕ್ಕೆ ಕಾಲುವೆಗೆ ಬರುತ್ತೆ ಸರ್, ಅದರ ಸಿಗ್ನಲ್ ಇದು."

"ಹೌದಾ. ಇಳಿತ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತೆ. ನಿಮ್ಮ ಈ ಬಿಸಿ ಮಾತ್ರ ಐದು ದಿನವೂ ಒಂಬತ್ತೂವರೆಗೇ ನಿಂತಿದೆಯಲ್ಲ?"

ನಾನು ಗ್ರಾಫ್ ನೋಡಿದೆ. ಹೌದು, ನಿಂತಿತ್ತು. ಐದು ಗುಡ್ಡ, ಐದೂ ಒಂದೇ ಗಂಟೆಗೆ. ಉಬ್ಬರ ಇಳಿತಕ್ಕೆ ಸಂಬಂಧವೇ ಇಲ್ಲದೆ, ಸೂರ್ಯನನ್ನು ಮಾತ್ರ ಕೇಳುವ ಗುಡ್ಡಗಳು.

"ಲಾಗರ್ ಯಾವ ಟೈಮಲ್ಲಿದೆ?"

"ಲೋಕಲ್ ಟೈಮ್, ಸರ್."

ಎಷ್ಟು ಧೈರ್ಯವಾಗಿ ಹೇಳಿದೆ ಅಂದರೆ, ಈಗಲೂ ರಾತ್ರಿ ಆ ಎರಡು ಪದ ನೆನಪಾದರೆ ಮುಸುಕು ಎಳೆದುಕೊಳ್ಳುತ್ತೇನೆ. ಅವರು ಏನೂ ಹೇಳಲಿಲ್ಲ. ಪೆನ್ನಿನ ಹಿಂಬದಿಯಿಂದ ಮೇಜಿನ ಮೇಲೆ ಎರಡು ಸಲ ಕುಟ್ಟಿ ನನ್ನ ಗೈಡ್ ಕಡೆ ನೋಡಿದರು. ಗೈಡ್ ಫೋನ್ ನೋಡುತ್ತಿದ್ದರು. ಆ ಮೌನದಲ್ಲಿ ನಾನು ಮನಸ್ಸಲ್ಲೇ ಕೂಡಿಸಿದೆ: ಒಂಬತ್ತೂವರೆ, ಅದಕ್ಕೆ ಐದೂವರೆ. ಮಧ್ಯಾಹ್ನ ಮೂರು. ನೀರು ಬಿಸಿಯಾಗಬೇಕಾದದ್ದೇ ಆ ಹೊತ್ತಿಗೆ.

ಲಾಗರ್ ಯುಟಿಸಿಯಲ್ಲಿತ್ತು, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ. ನಲವತ್ತು ಸ್ಲೈಡುಗಳಲ್ಲಿ ಇಪ್ಪತ್ತಾರು ಅಲ್ಲೇ ಸತ್ತವು.

ಕೆಲಸ ಏನಿತ್ತು ಅಂದರೆ, ಅಳಿವೆಯ ಕೆಸರಿನಲ್ಲಿ ಬಿಲ ತೋಡುವ ಫಿಡ್ಲರ್ ಏಡಿಗಳು ಮರಿ ಬಿಡುವ ಹೊತ್ತು ಹಿಡಿಯೋದು. 25 ಗಂಟೆಯ ಸ್ಟೇಷನ್, ಅಂದರೆ ಅಷ್ಟು ಹೊತ್ತು ಒಂದೇ ಜಾಗದಲ್ಲಿ ಮಾದರಿ ತೆಗೆಯೋದು; ಎರಡು ಗಂಟೆಗೊಮ್ಮೆ 200 ಮೈಕ್ರಾನ್ ಕಣ್ಣಿನ ಬಲೆ, ಒಟ್ಟು 13 ಹಾಲ್, ಅಂದರೆ ಬಲೆ ಎಳೆತ. ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರಕ್ಕೆ (ಸ್ಪ್ರಿಂಗ್) ನಾಲ್ಕು ಸ್ಟೇಷನ್, ನಡುವಿನ ಸಣ್ಣ ಉಬ್ಬರಕ್ಕೆ (ನೀಪ್) ನಾಲ್ಕು. ಎಲ್ಲ ಸೇರಿ 104 ಬಾಟಲಿ. ಒಂದೊಂದನ್ನೂ ಫೋಲ್ಸಮ್ ಅನ್ನುವ ಉಪಕರಣದಲ್ಲಿ ಪಾಲು ಮಾಡಿ, ಬೊಗೊರೊವ್ ಅನ್ನುವ ಎಣಿಕೆಯ ಟ್ರೇಯಲ್ಲಿ ಸುರಿದು, ಮೊದಲ ಹಂತದ ಜೋಯಿಯಾಗಳನ್ನು, ಅಂದರೆ ಆಗತಾನೆ ಮೊಟ್ಟೆಯೊಡೆದು ಬಂದ ಏಡಿಮರಿಗಳನ್ನು, ಬೇರೆಯಾಗಿ ಎಣಿಸೋದು. ಏಳು ತಿಂಗಳು ಮೈಕ್ರೋಸ್ಕೋಪಿನ ಮುಂದೆ ಕೂತು ಕುತ್ತಿಗೆ ಒಂದು ಕಡೆಗೆ ವಾಲಿಹೋಗಿದೆ. ಆ ಎಣಿಕೆಯಲ್ಲಿ ತಪ್ಪಿರಲಿಲ್ಲ, ಈಗಲೂ ಇಲ್ಲ. ಅದನ್ನು ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

ನೀರಿನ ಆಳಕ್ಕೆ ಅದೇ ಲಾಗರ್; ಬಿಸಿಯ ಜೊತೆ ನೀರಿನ ಪ್ರೆಶರನ್ನೂ ಬರೆದಿಡುತ್ತದೆ, ಆಳ ಅದರಿಂದ ಸಿಗುತ್ತದೆ. ಲ್ಯಾಬಿಗೆಲ್ಲ ಇರೋದು ಅದೊಂದೇ. ಮೂವರ ಕೈಯಲ್ಲಿ ಸುತ್ತುತ್ತದೆ. ನನಗಿಂತ ಮೊದಲು ಬಳಸಿದ ಸೀನಿಯರ್ ಅದನ್ನು ಯುಟಿಸಿಗೆ ಇಟ್ಟಿದ್ದರು. ಅದೇ ಸರಿಯಾದ ಕ್ರಮ. ಹಡಗಿನಲ್ಲಿ ಕೆಲಸ ಮಾಡಿದವರು ಯುಟಿಸಿ ಬಿಟ್ಟು ಬೇರೆ ಏನನ್ನೂ ನಂಬುವುದಿಲ್ಲ. ನನ್ನ ಫೀಲ್ಡ್ ನೋಟ್‌ಬುಕ್ ಮಾತ್ರ ಕೈಗಡಿಯಾರದ ಸಮಯ. ಎರಡನ್ನೂ ಲೆಕ್ಕದ ಪ್ರೋಗ್ರಾಂ ಆರ್‌ನಲ್ಲಿ (R) ಮರ್ಜ್ ಮಾಡಿದಾಗ ಅದು ಕಮಕ್ ಕಿಮಕ್ ಅನ್ನಲಿಲ್ಲ. ಬೇಸ್ ಆರ್‌ನಲ್ಲಿ ಟೈಮ್‌ಝೋನ್ ಕೊಡದಿದ್ದರೆ ಕಂಪ್ಯೂಟರಿನ ಸಮಯ ಅಂದುಕೊಳ್ಳುತ್ತದೆ, ಅದರದೇ ಲೂಬ್ರಿಡೇಟ್ ಪ್ಯಾಕೇಜಿನಲ್ಲಿ ಕೊಡದಿದ್ದರೆ ಯುಟಿಸಿ ಅಂದುಕೊಳ್ಳುತ್ತದೆ. ಒಂದೇ ಮನೆಯ ಇಬ್ಬರು, ಇಬ್ಬರದ್ದೂ ಬೇರೆ ಬೇರೆ ಪಂಚಾಂಗ. ಇಷ್ಟಾದರೂ ತಪ್ಪು ನನ್ನದೇ ಬಿಡಿ.

ಈ ತಪ್ಪಿನ ಕುತಂತ್ರ ಎಲ್ಲಿದೆ ನೋಡಿ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅದರ ಅರ್ಧ, ಅಂದರೆ ಉಬ್ಬರದಿಂದ ಇಳಿತಕ್ಕೆ, 6 ಗಂಟೆ 12 ನಿಮಿಷ. ನನ್ನ ತಪ್ಪು 5 ಗಂಟೆ 30 ನಿಮಿಷ. ಎರಡು ಗಂಟೆ ತಪ್ಪಿದ್ದರೆ ಗ್ರಾಫ್ ಸೊಟ್ಟ ಕಾಣುತ್ತಿತ್ತು, ಯಾರಾದರೂ ಹಿಡಿಯುತ್ತಿದ್ದರು. ಐದೂವರೆ ಗಂಟೆ ಜಾರಿದಾಗ ಉಬ್ಬರ ಹೆಚ್ಚುಕಡಿಮೆ ಇಳಿತವಾಯ್ತು, ಇಳಿತ ಉಬ್ಬರವಾಯ್ತು. ಗ್ರಾಫ್ ಸೊಟ್ಟ ಆಗಲಿಲ್ಲ, ಚೆಂದವಾಗಿ ತಲೆಕೆಳಗಾಯ್ತು.

ಈ ಏಡಿಗಳ ಬಗ್ಗೆ ಎಲ್ಲರೂ ಬರೆದಿರೋದು ಒಂದೇ: ರಾತ್ರಿ, ದೊಡ್ಡ ಉಬ್ಬರ ತಿರುಗಿದ ಮೇಲೆ ಮರಿ ಬಿಡುತ್ತವೆ, ಇಳಿಯುವ ನೀರು ಅವನ್ನು ಮೀನಿನ ಬಾಯಿಂದ ದೂರ, ಸಮುದ್ರಕ್ಕೆ ಒಯ್ಯುತ್ತದೆ. ನನ್ನ ಗ್ರಾಫಿನಲ್ಲಿ ಜೋಯಿಯಾ ತುಂಬಿ ಬಂದದ್ದು ನೀರು ಏರಲು ಶುರುವಾದಾಗ! ಅಂದರೆ ನನ್ನ ಏಡಿಗಳು ಮರಿಗಳನ್ನು ಅಳಿವೆಯಲ್ಲೇ ಉಳಿಸಿಕೊಳ್ಳುತ್ತಿವೆ. ಹಾಗೆ ಮಾಡುವ ಜಾತಿಗಳು ಇಲ್ಲವೇ ಇಲ್ಲ ಅಂತಲ್ಲ. 1979ರಲ್ಲೇ ಕ್ರೋನಿನ್ ಮತ್ತು ಫಾರ್ವರ್ಡ್ ಅನ್ನುವ ಸಂಶೋಧಕರು ಬೇರೊಂದು ಏಡಿಯ ಮರಿಗಳು ಉಬ್ಬರ ಇಳಿತದ ಲಯ ಹಿಡಿದು ಮೇಲೆ ಕೆಳಗೆ ಈಜುವುದನ್ನು ತೋರಿಸಿದ್ದರು. ಅದರ ಮರಿಗಳು ಅಳಿವೆಯಲ್ಲೇ ಬೆಳೆಯುತ್ತವೆ. ಅದನ್ನು ಹಿಡಿದುಕೊಂಡು ಹನ್ನೊಂದು ಪುಟ ಡಿಸ್ಕಶನ್ ಬರೆದೆ. ಪೇಪರಿನ ಹೆಸರೂ ತಯಾರಿತ್ತು. ಯಾವ ಜರ್ನಲ್‌ಗೆ ಕಳಿಸೋದು ಅಂತ ಗೈಡ್ ಜೊತೆ ಸಣ್ಣ ಜಗಳವೂ ಆಗಿತ್ತು.

ಮೀಟಿಂಗಿಗೆ ವಾರದ ಮೊದಲು ದೋಣಿಯ ಅಣ್ಣನಿಗೆ ಮುಂದಿನ ಟ್ರಿಪ್ ವಿಷಯಕ್ಕೆ ಫೋನ್ ಮಾಡಿದಾಗ ಖುಷಿ ತಡೆಯಲಾರದೆ ಹೇಳಿದ್ದೆ: "ಅಣ್ಣ, ನಮ್ಮ ಏಡಿ ನೀರು ಏರುವಾಗ ಮರಿ ಬಿಡ್ತದೆ, ಗೊತ್ತಾ?"

"ಏರುವಾಗಲಾ? ಏರುವಾಗ ಬಿಟ್ರೆ ಮರಿ ವಾಪಸ್ ತಾಯಿ ಕಾಲಡಿಗೇ ಬರ್ತಾವಲ್ಲ ಮೇಡಂ. ಅಷ್ಟು ಬುದ್ಧಿ ಇಲ್ವಾ ಅದಕ್ಕೆ?" ಅಂತ ನಕ್ಕರು.

"ಡೇಟಾ ಹಾಗೆ ಹೇಳ್ತಿದೆ ಅಣ್ಣ," ಅಂದೆ. ಮಕ್ಕಳಿಗೆ ತಿಳಿಹೇಳುವ ದನಿಯಲ್ಲಿ.

ಡಿಸಿ ಮುಗಿದ ಮೇಲೆ ಲ್ಯಾಬಿಗೆ ಬಂದು, ಬಾಗಿಲು ಹಾಕಿಕೊಂಡು ನೋಟ್‌ಬುಕ್ ತೆಗೆದೆ. ಮೊದಲ ಸ್ಪ್ರಿಂಗ್ ಸ್ಟೇಷನ್, ರಾತ್ರಿ ಮೂರರ ಹಾಲ್. ಆ ಪುಟದ ಅರ್ಧ ಭಾಗಕ್ಕೆ ಕೆಸರು ಒಣಗಿ ಪುಡಿಯಾಗಿ ಅಂಟಿದೆ. ನಡುವೆ ಪೆನ್ಸಿಲಿನಲ್ಲಿ ನನ್ನದೇ ಅಕ್ಷರ: "ದೋಣಿ ಕೂತಿದೆ. ಇಳಿದು ತಳ್ಳಿದೆವು. ಬಲೆ ಅರ್ಧ ನೀರಿನಲ್ಲಿ. ಫ್ಲೋಮೀಟರ್ ತಿರುಗುತ್ತಿಲ್ಲ." ಮೊಣಕಾಲವರೆಗೆ ಹೂತು, ಒಂದು ಚಪ್ಪಲಿ ಅಲ್ಲೇ ಬಿಟ್ಟು ಬಂದ ರಾತ್ರಿ ಅದು. ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು ಅದೇ ದಿನ, ಅದೇ ಮೂರು ಗಂಟೆ ಹುಡುಕಿದೆ. ಗ್ರಾಫಿನ ಪ್ರಕಾರ ನೀರು ಏರಿ ಏರಿ ತುಂಬುತ್ತಾ ಇದೆ, ಉಬ್ಬರದ ತುದಿಗೆ ಇನ್ನು ಒಂದೂವರೆ ಗಂಟೆ ಇಲ್ಲ. ನಾನು ಕೆಸರಿನಲ್ಲಿ ನಿಂತು ದೋಣಿ ತಳ್ಳಿದ ಹೊತ್ತಿಗೆ! ಮೈಮೇಲೆ ನಡೆದದ್ದನ್ನು ಬಿಟ್ಟು ಪರದೆಯ ಮೇಲಿನ ಗೆರೆಯನ್ನು ನಂಬಿಕೊಂಡು ಏಳು ತಿಂಗಳು ಕೂತಿದ್ದೆ.

ಇನ್ನೊಂದಿದೆ. ಲಾಗರನ್ನು ಪ್ರತಿ ಸಲ ಎರಡು ದಿನ ಮೊದಲೇ ಇಳಿಸುತ್ತಿದ್ದೆವು. ನೀರಿಗೆ ಬಿದ್ದ ಕ್ಷಣ ಪ್ರೆಶರ್ ಮೆಟ್ಟಿಲಿನಂತೆ ಜಿಗಿಯುತ್ತದೆ. ನೋಟ್‌ಬುಕ್ಕಿನಲ್ಲಿ "13:10, ಲಾಗರ್ ಇಳಿಸಿದ್ದು" ಅಂತಿದೆ. ಮೂಲ ಫೈಲಿನಲ್ಲಿ ಜಿಗಿತ ಇರೋದು 07:40ಕ್ಕೆ. ಸರಿಯಾಗಿ ಐದೂವರೆ ಗಂಟೆ, ಒಂದು ನಿಮಿಷ ಆಚೀಚೆ ಇಲ್ಲ. ಆದರೆ ಆ ಸಾಲುಗಳನ್ನು ನಾನು ನೋಡೇ ಇರಲಿಲ್ಲ. ಪ್ರೆಶರ್ ಇಂತಿಷ್ಟಕ್ಕಿಂತ ಕಡಿಮೆ ಇರುವ ಸಾಲುಗಳೆಲ್ಲ ಕಸ ಅಂತ ಸ್ಕ್ರಿಪ್ಟಿನ ಮೊದಲ ಗೆರೆಯಲ್ಲೇ ಗುಡಿಸಿ ಹಾಕಿದ್ದೆ. ಅದಕ್ಕೆ "ಡೇಟಾ ಕ್ಲೀನಿಂಗ್" ಅಂತ ಕಾಮೆಂಟ್ ಬೇರೆ.

ಉಬ್ಬರ ಇಳಿತದ ಹೊತ್ತನ್ನು ಮುಂಚೆಯೇ ಲೆಕ್ಕ ಹಾಕಿ ಕೊಡುವ ಟೈಡ್ ಟೇಬಲ್ ಜೊತೆ ಒಮ್ಮೆ ತಾಳೆ ಹಾಕಿದ್ದರೂ ಐದು ನಿಮಿಷದಲ್ಲಿ ಸಿಗುತ್ತಿತ್ತು. ಅಳೆದದ್ದೇ ಕೈಯಲ್ಲಿರುವಾಗ ಲೆಕ್ಕ ಹಾಕಿದ್ದು ಯಾಕೆ ಅಂತ ಬಿಟ್ಟಿದ್ದೆ. ಇನ್ನು ಆರು ತಿಂಗಳಿಗೊಮ್ಮೆ ಸಲ್ಲಿಸುವ ಪ್ರಗತಿ ವರದಿಯ ನಮೂನೆಯಲ್ಲಿ ಹಾಜರಾತಿಗೆ ಕಾಲಂ ಇದೆ, ಹೋದ ವರ್ಕ್‌ಶಾಪುಗಳಿಗೆ ಕಾಲಂ ಇದೆ, ಮೂಲ ಡೇಟಾವನ್ನು ಬೇರೆ ಯಾರಾದರೂ ತೆರೆದು ನೋಡಿದರೇ ಅನ್ನುವುದಕ್ಕೆ ಇಲ್ಲ. ಆ ಎಕ್ಸ್‌ಟರ್ನಲ್ ಕೂಡ ರೈಲು ತಡವಾಗಿದ್ದರೆ ಬರುತ್ತಿರಲಿಲ್ಲ, ಪೇಪರ್ ಹೋಗಿಬಿಡುತ್ತಿತ್ತು.

ಆ ರಾತ್ರಿಯೇ ಲಾಗರಿನ ಸಮಯಕ್ಕೆ 19,800 ಸೆಕೆಂಡ್, ಅಂದರೆ ಐದೂವರೆ ಗಂಟೆ, ಕೂಡಿಸಿದೆ. ಒಂದೇ ಗೆರೆ. ಜೋಯಿಯಾ ಗುಡ್ಡ ತಾನಾಗಿ ಜರುಗಿ ರಾತ್ರಿಯ ಉಬ್ಬರ ತಿರುಗಿ ಒಂದೂವರೆ ಗಂಟೆಯಾದ ಮೇಲೆ, ಇಳಿತದ ಮೇಲೆ ಹೋಗಿ ಕೂತಿತು. ಎಲ್ಲರೂ ಬರೆದಿದ್ದ ಜಾಗದಲ್ಲೇ. ಹನ್ನೊಂದು ಪುಟ ಅಳಿಸಿ ಎರಡು ಪುಟ ಬರೆದೆ. ಅಧ್ಯಾಯ ಉಳಿಯಿತು, ಹೊಸತು ಅನ್ನುವುದು ಹೋಯಿತು. ಗೈಡ್ "ಪರವಾಗಿಲ್ಲ, ಕನ್ಫರ್ಮೇಟರಿ ಅಂತ ಹಾಕೋಣ" ಅಂದರು. ಅವರು ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗ ಲಾಗರ್ ಇಳಿಸುವ ಮೊದಲು ಅದರ ಪಕ್ಕ ಫೋನಿನ ಗಡಿಯಾರ ಹಿಡಿದು ಫೋಟೋ ತೆಗೆಯುತ್ತೇನೆ. ಕಾಲಂ ಹೆಸರಿನಲ್ಲೇ ಯುಟಿಸಿ ಅಂತ ಬರೆಯುತ್ತೇನೆ. ಬೇರೆ ಏನು ಪ್ಲಾಟ್ ಮಾಡುವ ಮೊದಲೂ ಟೆಂಪರೇಚರ್ ಹಾಕಿ, ಮಧ್ಯಾಹ್ನ ಮಧ್ಯಾಹ್ನದಲ್ಲೇ ಇದೆಯಾ ನೋಡುತ್ತೇನೆ. ಹೊಸದಾಗಿ ಸೇರಿದ ಹುಡುಗ ಇದನ್ನೆಲ್ಲ ನೋಡಿ, "ಅಕ್ಕ, ಇಷ್ಟೆಲ್ಲ ಬೇಕಾ?" ಅಂದ. ಅವನಿಗೆ ಕೆಸರಿನ ಪುಟ ತೋರಿಸಿದೆ. ಅವನು ಚಪ್ಪಲಿ ಸಿಕ್ಕಿತಾ ಅಂತ ಕೇಳಿದ.

ಮುಂದಿನ ಟ್ರಿಪ್ಪಿಗೆ ಹೋದಾಗ ದೋಣಿಯ ಅಣ್ಣನಿಗೆ ವಿಷಯ ಹೇಳಿದೆ. "ನೀವು ಹೇಳಿದ್ದೇ ಸರಿ ಅಣ್ಣ. ಇಳಿಯುವಾಗಲೇ ಬಿಡ್ತದೆ. ನನ್ನ ಗಡಿಯಾರ ತಪ್ಪಿತ್ತು."

"ಅದು ಗೊತ್ತಿದ್ದದ್ದೇ," ಅಂದರು, ಹಗ್ಗ ಬಿಚ್ಚುತ್ತಾ. "ಅದಿರ್ಲಿ, ಹೋದ ಎರಡು ಟ್ರಿಪ್ಪಿನ ಬಿಲ್ ಏನಾಯ್ತು?"

ಬಿಲ್ ಅಕೌಂಟ್ಸ್‌ನಲ್ಲಿ ನಿಂತಿತ್ತು. ಒಂದೇ ಟ್ರಿಪ್ಪಿಗೆ ಎರಡು ತಾರೀಕು ಯಾಕಿದೆ, ಯಾವುದು ಸರಿ ಅಂತ ಕೇಳಿ ವಾಪಸ್ ಕಳಿಸಿದ್ದರು. 25 ಗಂಟೆಯ ಸ್ಟೇಷನ್ ಅಂದರೆ ನಡುವೆ ಒಂದು ನಡುರಾತ್ರಿ ಬರುತ್ತದೆ ಅಂತ ವಿವರಣೆ ಬರೆದು ಕೊಟ್ಟು ಆರು ವಾರವಾಯ್ತು.